ಅತ್ತ ದರಿ, ಇತ್ತ ಪುಲಿ: ಕೆಳಬೆನ್ನಿನ ಶಸ್ತ್ರಚಿಕಿತ್ಸೆಯೂ ರಕ್ತದ ಹೆಪ್ಪೂ

ರಕ್ತವು ಸದಾ ಹರಿಯುತ್ತಿರಬೇಕು. ನಿಲ್ಲಬೇಕಾದಲ್ಲಿ ನಿಲ್ಲಲೂ ಬೇಕು. ಬೆರಳು ಕೊಯ್ದಾಗ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟಿ ಗಾಯದ ಬಾಯನ್ನು ಮುಚ್ಚುವ ಅದೇ ರಕ್ತ, ನಾಳದ ಒಳಗೇ ಹೆಪ್ಪುಗಟ್ಟಿತೆಂದರೆ ಪ್ರಾಣಕ್ಕೆ ಮುಳುವಾಗುತ್ತದೆ. ಆರೋಗ್ಯವಂತನ ದೇಹವು ಇವೆರಡರ ನಡುವೆ ತಕ್ಕಡಿಯನ್ನು ಸಮನಾಗಿ ಹಿಡಿದಿರುತ್ತದೆ. ಶಸ್ತ್ರಚಿಕಿತ್ಸೆಯು ಆ ತಕ್ಕಡಿಯನ್ನು ಅಲುಗಿಸುತ್ತದೆ. ಅದರಲ್ಲಿಯೂ ಕೆಳಬೆನ್ನಿನ ಶಸ್ತ್ರಚಿಕಿತ್ಸೆಯಾದ ಬಳಿಕ ವೈದ್ಯರ ಪಾಡು ‘ಅತ್ತ ದರಿ, ಇತ್ತ ಪುಲಿ’ ಎಂಬ ಗಾದೆಯಂತೆಯೇ. ಹೆಪ್ಪನ್ನು ತಡೆಯುವ ಔಷಧಿಯನ್ನು ಕೊಡದಿದ್ದರೆ ಒಂದು ಗಂಡಾಂತರ, ಕೊಟ್ಟರೆ ಮತ್ತೊಂದು.

ಬೆನ್ನೆಲುಬಿನ ಮಣಿಗಳ ನಡುವಣ ಬಿಲ್ಲೆಯು ಹಿಂದಕ್ಕೆ ಜಾರಿ ನರವನ್ನು ಒತ್ತುವುದರಿಂದ ಕಾಲಿಗೆ ನೋವು ಇಳಿಯುತ್ತದೆಂಬುದನ್ನು ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು 1934ರಲ್ಲಿ ಮನಗಾಣಿಸಿದರು. ಅಂದು ಹೊಸದಾಗಿದ್ದ ಆ ಶಸ್ತ್ರಚಿಕಿತ್ಸೆ ಇಂದು ಭಾರತದ ನಗರಗಳಲ್ಲಿಯೂ ದಿನನಿತ್ಯದ ಸಂಗತಿಯಾಗಿದೆ. ಆದರೆ ಆಸ್ಪತ್ರೆಯ ಒಂದೇ ಕೋಣೆಯಲ್ಲಿ ಮಲಗಿರುವ ಇಬ್ಬರು ರೋಗಿಗಳಲ್ಲಿ ಒಬ್ಬನಿಗೆ ಪ್ರತಿದಿನವೂ ಹೊಟ್ಟೆಯ ಚರ್ಮಕ್ಕೆ ಸೂಜಿಮದ್ದು ಬೀಳುತ್ತದೆ. ಇನ್ನೊಬ್ಬನಿಗೆ ಕಾಲಿಗೆ ಬಿಗಿಯಾದ ಚೀಲಗಳಷ್ಟೇ ದೊರೆಯುತ್ತವೆ. ಬಂಧುಗಳಿಗೆ ಸಂಶಯ ಹುಟ್ಟುತ್ತದೆ: ಮೊದಲನೆಯವನ ಸ್ಥಿತಿ ಗಂಭೀರವೋ? ಎರಡನೆಯವನಲ್ಲಿ ಅಲಕ್ಷ್ಯವೋ? ಎರಡೂ ಅಲ್ಲ. ಈ ಭೇದದ ಹಿಂದೆ ನೂರೈವತ್ತು ವರ್ಷಗಳಿಗೂ ಮಿಕ್ಕ ವಿಚಾರ ಅಡಗಿದೆ.

ಹೆಪ್ಪಿನ ಮೂರು ಬೇರುಗಳು

ಜರ್ಮನಿಯ ಪ್ರಸಿದ್ಧ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಖೋ 1856ರಲ್ಲಿ ಪ್ರಕಟಿಸಿದ ಬರಹಗಳಿಂದ ಬೆಳೆದುಬಂದ ತತ್ತ್ವವನ್ನು ವೈದ್ಯವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ನಾಳದೊಳಗೆ ರಕ್ತ ಹೆಪ್ಪುಗಟ್ಟಲು ಮೂರು ಕಾರಣಗಳು: ಹರಿವು ಮಂದವಾಗುವುದು, ನಾಳದ ಗೋಡೆಗೆ ಪೆಟ್ಟು ತಗಲುವುದು, ರಕ್ತದ ಗುಣವೇ ಹೆಪ್ಪಿನತ್ತ ವಾಲುವುದು.

ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದವನಲ್ಲಿ ಈ ಮೂರೂ ಕೂಡಿಬರುತ್ತವೆ. ಮಂಪರಿನಲ್ಲಿ ಗಂಟೆಗಟ್ಟಲೆ ಬೋರಲು ಮಲಗಿದವನ ಕಾಲಿನ ಸ್ನಾಯುಗಳು ಚಲಿಸುವುದಿಲ್ಲ. ನಡೆಯುವಾಗ ಮೀನಖಂಡದ ಸ್ನಾಯುವು ರಕ್ತವನ್ನು ಹಿಂಡಿ ಮೇಲಕ್ಕೆ ತಳ್ಳುವ ಪಂಪಿನಂತೆ ಕೆಲಸಮಾಡುತ್ತದೆ; ಆ ಪಂಪು ನಿಂತಾಗ ಕಾಲಿನ ಆಳದ ಅಭಿಧಮನಿಗಳಲ್ಲಿ ರಕ್ತ ಮಡುಗಟ್ಟುತ್ತದೆ. ಕೊಯ್ದ ಗಾಯವನ್ನು ಮುಚ್ಚಲು ಇಡೀ ದೇಹ ಹೆಪ್ಪಿನ ಸಾಮಗ್ರಿಯನ್ನು ಸಜ್ಜುಗೊಳಿಸಿರುತ್ತದೆ. ಹಾಲಿಗೆ ಹೆಪ್ಪು ಹಾಕಿ ಅಲುಗಿಸದೆ ಇಟ್ಟರೆ ಮೊಸರು ಗಟ್ಟಿಯಾಗುವುದೆಂಬುದು ಅಡುಗೆಮನೆಯ ಅನುಭವ; ನಿಂತ ರಕ್ತದ ವರ್ತನೆಯೂ ಹೆಚ್ಚುಕಡಮೆ ಹಾಗೆಯೇ.

ಹೀಗೆ ಕಾಲಿನಲ್ಲಿ ಹುಟ್ಟಿದ ಗರಣೆ ಅಲ್ಲಿಯೇ ಉಳಿದರೆ ಬಾವು, ನೋವು, ಬಿಸಿ. ಅದರ ತುಂಡೊಂದು ಕಳಚಿಕೊಂಡರೆ ಹೃದಯದ ಬಲಭಾಗವನ್ನು ಹಾಯ್ದು ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಒಮ್ಮೆಲೆ ಉಸಿರು ಕಟ್ಟುವುದು, ಎದೆ ಚುಚ್ಚುವುದು, ಎಚ್ಚರ ತಪ್ಪುವುದು ಆಗಿನ ಲಕ್ಷಣಗಳು. ದೊಡ್ಡ ತುಂಡಾದರೆ ನಿಮಿಷಗಳಲ್ಲಿ ಸಾವು. ಯಶಸ್ವಿಯಾಯಿತೆಂದು ಎಲ್ಲರೂ ಸಂತೋಷಪಟ್ಟ ಶಸ್ತ್ರಚಿಕಿತ್ಸೆಯ ಕೆಲವು ದಿನಗಳ ತರುವಾಯ, ಮೊದಲ ಬಾರಿಗೆ ಎದ್ದು ನಿಂತ ರೋಗಿ ಕುಸಿದುಬೀಳುವ ದುರಂತದ ಹಿಂದಿನ ರಹಸ್ಯ ಎಷ್ಟೋ ಸಲ ಇದೇ.

ಹುಲ್ಲಿನಿಂದ ಬಂದ ಮದ್ದು

ಈ ಗಂಡಾಂತರಕ್ಕೆ ಮದ್ದು ದೊರೆತದ್ದು ಎರಡು ಆಕಸ್ಮಿಕಗಳಿಂದ. 1916ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಅರಸುತ್ತಿದ್ದ. ಕೈಗೆ ಸಿಕ್ಕದ್ದು ಅದಕ್ಕೆ ತೀರ ವಿರುದ್ಧವಾದ, ಹೆಪ್ಪನ್ನು ತಡೆಯುವ ವಸ್ತು. ಆತನ ಗುರು ಹೊವೆಲ್ ಈ ಬಗೆಯ ವಸ್ತುವಿಗೆ 1918ರಲ್ಲಿ, ಯಕೃತ್ತಿಗಿರುವ ಗ್ರೀಕ್ ಹೆಸರಿನಿಂದ, ‘ಹೆಪಾರಿನ್’ ಎಂದು ನಾಮಕರಣ ಮಾಡಿದ. ಶುದ್ಧವಾದ ಹೆಪಾರಿನ್ ರೋಗಿಗಳಿಗೆ ಒದಗಿದ್ದು 1930ರ ದಶಕದಲ್ಲಿ, ಟೊರಾಂಟೊ ಮತ್ತು ಸ್ಟಾಕ್‌ಹೋಮ್ ನಗರಗಳ ಸಂಶೋಧಕರ ಪರಿಶ್ರಮದಿಂದ. ಇಂದು ಅದನ್ನು ಮುಖ್ಯವಾಗಿ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ.

ಎರಡನೆಯ ಕಥೆ ದನದ ಕೊಟ್ಟಿಗೆಯದು. 1920ರ ದಶಕದಲ್ಲಿ ಕೆನಡ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ, ಬೂಸಲು ಹಿಡಿದ ಒಂದು ಜಾತಿಯ ಮೇವನ್ನು ತಿಂದ ದನಗಳು ರಕ್ತ ಸುರಿದು ಸಾಯತೊಡಗಿದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ಪ್ರಾಂತದ ರೈತನೊಬ್ಬ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಪಾತ್ರೆಯನ್ನೂ ಹೊತ್ತುಕೊಂಡು ಹಿಮದ ಬಿರುಗಾಳಿಯಲ್ಲಿ ಕಾರ್ಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಬಾಗಿಲಿಗೆ ಬಂದ. ಲಿಂಕ್ ಮತ್ತು ಸಂಗಡಿಗರು ಆರು ವರ್ಷ ದುಡಿದು 1939ರಲ್ಲಿ ಆ ಮೇವಿನ ವಿಷವನ್ನು ಬೇರ್ಪಡಿಸಿದರು. ಅದರ ವಂಶದ ‘ವಾರ್ಫರಿನ್’ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ಮರುವರ್ಷ ಹೃದಯಾಘಾತಕ್ಕೊಳಗಾದ ಅಧ್ಯಕ್ಷ ಐಸೆನ್‌ಹೋವರರಿಗೂ ಅದನ್ನು ಕೊಡಲಾಯಿತು. ಇಲಿಯನ್ನು ಕೊಲ್ಲುವುದೂ ಮನುಷ್ಯನನ್ನು ಉಳಿಸುವುದೂ ಒಂದೇ ಗುಣದಿಂದ. ವ್ಯತ್ಯಾಸ ಪ್ರಮಾಣದ್ದು ಮಾತ್ರ. ಈ ಜಾತಿಯ ಔಷಧಿಗಳನ್ನು ಕುರಿತು ನೆನಪಿಡಬೇಕಾದ ಮಾತೂ ಅದೇ.

ಕುದುರೆಯ ಬಾಲ

ಹಾಗಾದರೆ ಬೆನ್ನಿನ ರೋಗಿಗಳಿಗೆಲ್ಲ ಈ ಮದ್ದನ್ನು ಏಕೆ ಕೊಡಬಾರದು? ಉತ್ತರ ಬೆನ್ನೆಲುಬಿನ ರಚನೆಯಲ್ಲಿದೆ. ವಯಸ್ಕನಲ್ಲಿ ಬೆನ್ನುಹುರಿಯು ಸೊಂಟದ ಐದು ಮಣಿಗಳ ಪೈಕಿ ಮೊದಲ ಎರಡರ ಮಟ್ಟದಲ್ಲಿಯೇ ಕೊನೆಗೊಳ್ಳುತ್ತದೆ. ಅಲ್ಲಿಂದ ಕೆಳಗೆ ನರಗಳು ಕಂತೆಯಾಗಿ ಇಳಿಯುತ್ತವೆ. ಪ್ರಾಚೀನ ಅಂಗರಚನಾಶಾಸ್ತ್ರಜ್ಞರು ಅದನ್ನು ‘ಕುದುರೆಯ ಬಾಲ’ ಎಂದು ಕರೆದರು. ಕಾಲುಗಳ ಬಲ, ಮಲಮೂತ್ರಗಳ ಹತೋಟಿ ಎಲ್ಲವೂ ಈ ಬಾಲದ ಎಳೆಗಳನ್ನು ಅವಲಂಬಿಸಿವೆ.

ಈ ನರಗಳು ಇರುವುದು ಮೂಳೆಯ ಕಾಲುವೆಯಲ್ಲಿ. ಹೊಟ್ಟೆಯಲ್ಲಿ ರಕ್ತ ಜಿನುಗಿದರೆ ಹರಡಲು ಸ್ಥಳವುಂಟು, ಇಲ್ಲಿ ಇಲ್ಲ. ನರಗಳ ಹೊದಿಕೆಯ ಸುತ್ತಲೂ ತೆಳುವಾದ ಅಭಿಧಮನಿಗಳ ಜಾಲವಿದೆ. ಶಸ್ತ್ರಚಿಕಿತ್ಸೆಯ ಬಳಿಕ ಅಲ್ಲಿ ತುಸು ರಕ್ತ ಒಸರುವುದು ಸಹಜ. ಸಾಮಾನ್ಯವಾಗಿ ಅದು ತಾನಾಗಿ ನಿಲ್ಲುತ್ತದೆ. ಹೆಪ್ಪು ತಡೆಯುವ ಮದ್ದು ಬಹು ಬೇಗನೆ ರಕ್ತವನ್ನು ಸೇರಿದರೆ ಆ ಒಸರು ನಿಲ್ಲದೆ, ರಕ್ತ ಶೇಖರವಾಗಿ ನರಗಳನ್ನು ಅಮುಕಬಹುದು. ಇದು ಅಪರೂಪದ ಅಪಾಯ. ಆದರೆ ಸಂಭವಿಸಿದಾಗ ಗಂಟೆಗಳ ಲೆಕ್ಕ: ಗಾಯವನ್ನು ಮತ್ತೆ ತೆರೆದು ರಕ್ತವನ್ನು ಹೊರತೆಗೆಯುವುದು ತಡವಾದಷ್ಟೂ ಕಾಲುಗಳು ಚೇತರಿಸಿಕೊಳ್ಳುವ ಆಸೆ ಕ್ಷೀಣಿಸುತ್ತದೆ.

1997ರ ಎಚ್ಚರಿಕೆ

ಈ ಕಾಲುವೆ ಎಷ್ಟು ಸೂಕ್ಷ್ಮವೆಂಬುದನ್ನು ಅರವಳಿಕೆಯ ಅನುಭವವೂ ಕಲಿಸಿತು. ಮೊಣಕಾಲು ಮತ್ತು ತೊಡೆಸಂದಿನ ಕೀಲುಗಳ ಶಸ್ತ್ರಚಿಕಿತ್ಸೆಗಳಲ್ಲಿ ನೋವನ್ನು ಅಡಗಿಸಲು ಬೆನ್ನೆಲುಬಿನ ಇದೇ ಅವಕಾಶದೊಳಕ್ಕೆ ನವಿರಾದ ಕೊಳವೆಯನ್ನು ತೂರಿಸುವ ಪದ್ಧತಿಯಿದೆ. ದಿನಕ್ಕೊಮ್ಮೆ ಅಥವಾ ಎರಡು ಬಾರಿ ಚುಚ್ಚಿದರೆ ಸಾಕೆನ್ನುವ ಹೊಸ ಬಗೆಯ ಹೆಪಾರಿನ್, ಎನಾಕ್ಸಪರಿನ್, 1993ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಯೂರೋಪಿನಲ್ಲಿ ದಿನಕ್ಕೊಮ್ಮೆ 40 ಮಿಲಿಗ್ರಾಂ ಕೊಡುತ್ತಿದ್ದರೆ ಅಮೆರಿಕದಲ್ಲಿ 30 ಮಿಲಿಗ್ರಾಮಿನಂತೆ ಎರಡು ಬಾರಿ ಕೊಡುತ್ತಿದ್ದರು. ಕೊಳವೆಯನ್ನು ಸುರಕ್ಷಿತವಾಗಿ ತೂರಿಸಲು, ತೆಗೆಯಲು ಬಿಡುವೇ ಉಳಿಯಲಿಲ್ಲ. ಬೆನ್ನೆಲುಬಿನೊಳಗೆ ರಕ್ತಸ್ರಾವವಾದ ವರದಿಗಳು ಒಂದೊಂದಾಗಿ ಬಂದು ನಾಲ್ಕೇ ವರ್ಷಗಳಲ್ಲಿ ಮೂವತ್ತನ್ನು ದಾಟಿದವು. ಅವರಲ್ಲಿ ಹೆಚ್ಚಿನವರು ವೃದ್ಧ ಮಹಿಳೆಯರು. ಕೆಲವರ ಕಾಲುಗಳ ಸ್ವಾಧೀನ ಶಾಶ್ವತವಾಗಿ ಹೋಯಿತು. 1997ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ವೈದ್ಯರಿಗೆ ಎಚ್ಚರಿಕೆ ನೀಡಿತು. 2013ರಲ್ಲಿ ಅದೇ ಸಂಸ್ಥೆ ಕಾಲವನ್ನೂ ಸ್ಪಷ್ಟಪಡಿಸಿತು: ಮುಂಜಾಗ್ರತೆಯ ಪ್ರಮಾಣ ಕೊಟ್ಟ ಮೇಲೆ ಕೊಳವೆಯನ್ನು ಮುಟ್ಟಲು ಕನಿಷ್ಠ 12 ಗಂಟೆ ಕಾಯಬೇಕು, ಕೊಳವೆ ತೆಗೆದ ಮೇಲೆ ಸಾಮಾನ್ಯವಾಗಿ 4 ಗಂಟೆಗಿಂತ ಮೊದಲು ಮದ್ದು ಕೊಡಬಾರದು. ಔಷಧಿ ಬದಲಾಗಲಿಲ್ಲ, ಬದಲಾದದ್ದು ಗಡಿಯಾರದ ಮೇಲಿನ ಗೌರವ.

ತೂಕಮಾಡುವ ಬಗೆ

ಕೆಳಬೆನ್ನಿನ ಶಸ್ತ್ರವೈದ್ಯರು ಅನುಸರಿಸುವುದೂ ಇದೇ ವಿವೇಕವನ್ನು. ಉತ್ತರ ಅಮೆರಿಕದ ಬೆನ್ನೆಲುಬು ತಜ್ಞರ ಸಂಘವು 2009ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಹಿಂಬದಿಯಿಂದ ನಡೆಸುವ ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಹೆಪ್ಪಿನ ಭಯ ಕಡಿಮೆಯಿರುವುದರಿಂದ ಎಲ್ಲರಿಗೂ ಮದ್ದು ಬೇಕಾಗದಿರಬಹುದು. ಗಾಳಿ ತುಂಬಿ ಬಿಡುತ್ತ ಕಾಲನ್ನು ಒತ್ತುವ ಚೀಲಗಳು, ಬೇಗನೆ ಎದ್ದು ನಡೆಯುವುದು—ರಕ್ತಸ್ರಾವದ ಭಯವಿಲ್ಲದ ಈ ಉಪಾಯಗಳಿಗೆ ಮೊದಲ ಸ್ಥಾನ. ಹಿಂದೆ ಹೆಪ್ಪುಗಟ್ಟಿದ ಇತಿಹಾಸವುಳ್ಳವರು, ಕ್ಯಾನ್ಸರ್ ರೋಗಿಗಳು, ಕಾಲು ಸ್ವಾಧೀನವಿಲ್ಲದವರು, ದೀರ್ಘವೂ ಜಟಿಲವೂ ಆದ ಶಸ್ತ್ರಚಿಕಿತ್ಸೆಗೆ ಒಳಗಾದವರು—ಇಂಥವರಿಗೆ ಮದ್ದಿನ ವಿಚಾರ. ಎಂದಿನಿಂದ ಕೊಡಬೇಕೆಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಗಾಯದ ಒಸರು ನಿಲ್ಲಲೆಂದು ಒಂದೆರಡು ದಿನ ಕಾಯುವವರು ಅನೇಕರು.

ಒಂದೇ ಕೋಣೆಯ ಇಬ್ಬರು ರೋಗಿಗಳ ಚಿಕಿತ್ಸೆ ಬೇರೆಬೇರೆಯಾಗಲು ಇದೇ ಕಾರಣ.

ರೋಗಿಯ ಪಾಲಿನ ಕೆಲಸ

ಈ ತೂಕದಲ್ಲಿ ರೋಗಿಗೂ ಬಂಧುಗಳಿಗೂ ಪಾಲುಂಟು. ಹೃದಯಕ್ಕೆಂದು ಆಸ್ಪಿರಿನ್ ನುಂಗುತ್ತಿರುವುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸಬೇಕು. ಅದರ ಪ್ರಭಾವ ರಕ್ತದ ಕಿರುಬಿಲ್ಲೆಗಳ ಆಯುಷ್ಯವಿರುವವರೆಗೆ, ಅಂದರೆ ಏಳರಿಂದ ಹತ್ತು ದಿನಗಳವರೆಗೆ ಉಳಿಯುತ್ತದೆ. ಮೂತ್ರಪಿಂಡದ ತೊಂದರೆಯನ್ನು ಮರೆಮಾಚಬಾರದು. ಎನಾಕ್ಸಪರಿನ್ ಹೊರಹೋಗುವುದು ಆ ದಾರಿಯಿಂದಲೇ ಆದಕಾರಣ, ಅದು ಕೆಟ್ಟಿದ್ದರೆ ಮದ್ದು ದೇಹದಲ್ಲಿಯೇ ಉಳಿಯುತ್ತದೆ. ಮನೆಗೆ ಹೋದ ಮೇಲೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಈ ಮದ್ದಿನೊಡನೆ ನುಂಗುವುದು ರಕ್ತಸ್ರಾವಕ್ಕೆ ಆಹ್ವಾನ ಕೊಟ್ಟಂತೆ. ಇಷ್ಟನ್ನು ಓದಿ ಹೆದರಿ, ವೈದ್ಯರು ಬರೆದುಕೊಟ್ಟ ಸೂಜಿಮದ್ದನ್ನು ತಾನಾಗಿ ನಿಲ್ಲಿಸುವುದೂ ಅಷ್ಟೇ ಅಪಾಯಕರ.

ಎರಡು ಬಗೆಯ ಲಕ್ಷಣಗಳನ್ನು ಮನೆಯವರೆಲ್ಲರೂ ಅರಿತಿರಬೇಕು. ಒಂದೇ ಕಾಲು ಊದಿ ನೋಯುವುದು, ಏದುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ—ಇವು ಗರಣೆಯ ಗುರುತುಗಳು. ಇಳಿಯುತ್ತಿದ್ದ ಬೆನ್ನುನೋವು ಒಮ್ಮೆಲೆ ಏರುವುದು, ಕಾಲುಗಳ ಬಲ ಕುಂದುವುದು, ಮೂತ್ರ ಕಟ್ಟುವುದು, ಕುದುರೆಯ ಜೀನಿಗೆ ತಾಗುವ ಭಾಗ ಮರಗಟ್ಟುವುದು—ಇವು ಬೆನ್ನೆಲುಬಿನೊಳಗಿನ ರಕ್ತಸ್ರಾವದ ಗುರುತುಗಳು. ಎರಡರಲ್ಲಿ ಯಾವುದು ಕಂಡರೂ ‘ಬೆಳಗಾಗಲಿ, ನೋಡೋಣ’ ಎನ್ನುವಂತಿಲ್ಲ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಒಯ್ಯಬೇಕು.

ದರಿಯನ್ನೂ ಪುಲಿಯನ್ನೂ ಇಲ್ಲವಾಗಿಸುವ ಶಕ್ತಿ ಇನ್ನೂ ವೈದ್ಯಶಾಸ್ತ್ರಕ್ಕೆ ಬಂದಿಲ್ಲ. ಅವೆರಡರ ನಡುವಣ ಕಾಲುಹಾದಿಯಲ್ಲಿ ರೋಗಿಯನ್ನು ದಾಟಿಸುವುದನ್ನು ಮಾತ್ರ ಅದು ಕಲಿತಿದೆ. ಆ ಹಾದಿಯಲ್ಲಿ ವೈದ್ಯರ ಲೆಕ್ಕಾಚಾರಕ್ಕೆ ಮನೆಯವರ ಕಣ್ಣೆಚ್ಚರ ಜೊತೆಗೂಡಿದರೆ ಹೆಚ್ಚಿನವರು ಸುಖವಾಗಿ ದಾಟುತ್ತಾರೆ.