ಎರೆನಾಡಿನ ಮಾಳಿಗೆಯ ಮೇಲೆ ಹೂಬಳ್ಳಿ

ವಿಜಯಪುರ, ಬಾಗಲಕೋಟೆ, ಕಲಬುರಗಿ ಸೀಮೆಯ ಎರೆಭೂಮಿ ಬಿಳಿಜೋಳಕ್ಕೆ ಹೆಸರಾದುದು. ಜಾಜಿಯಂತಹ ಹೂಬಳ್ಳಿಗೆ ಮಾತ್ರ ಅದು ಅಷ್ಟಾಗಿ ಒಗ್ಗದು. ಮಳೆಗಾಲದಲ್ಲಿ ಉಬ್ಬಿ ನೀರನ್ನು ಹಿಡಿದಿಟ್ಟುಕೊಳ್ಳುವ ಈ ಮಣ್ಣು ಬೇಸಿಗೆಯಲ್ಲಿ ಬಾಯ್ಬಿಟ್ಟು ಎಳೆಯ ಬೇರುಗಳನ್ನು ಹರಿದುಹಾಕುತ್ತದೆ. ಮೇಲಾಗಿ ಇದರಲ್ಲಿ ಸುಣ್ಣದ ಅಂಶ ಅಧಿಕ. ಆದ್ದರಿಂದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ದಕ್ಕದು. ಎಳೆಯ ಎಲೆಗಳ ನರಗಳಷ್ಟೇ ಹಸಿರಾಗಿ ಉಳಿದು ಮಿಕ್ಕುದೆಲ್ಲ ಹಳದಿಗೆ ತಿರುಗುತ್ತದೆ. ಅದನ್ನು ಕಂಡು ನೀರಿನ ಕೊರತೆಯೆಂದು ಬಗೆದು ಇನ್ನಷ್ಟು ಕೊಡ ಸುರಿದರೆ ಬೇರು ಕೊಳೆತು ಬಳ್ಳಿಯೇ ಕೈತಪ್ಪುತ್ತದೆ.

ನಿತ್ಯಪೂಜೆಗೆ ಮನೆಯದೇ ಹೂವಿರಲಿ ಎನ್ನುವ ಗೃಹಿಣಿಯರಿಗೆ ಇಲ್ಲಿ ಕುಂಡವೇ ದಾರಿ. ಆದರೆ ಅಂಗಳದ ಎರೆಮಣ್ಣನ್ನೇ ಅದಕ್ಕೆ ತುಂಬಬಾರದು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿಕೊಳ್ಳಬೇಕು. ಕುಂಡದ ತಳಕ್ಕೆ ಜಲ್ಲಿಯ ದಪ್ಪ ಪದರ ಹಾಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಅದರಿಂದ ನೀರು ಬೇಗ ಬಸಿಯುವುದೆಂಬುದು ಭ್ರಮೆ. ಮಣ್ಣಿನ ಸಣ್ಣ ಸಂದಿಗಳಲ್ಲಿ ಹಿಡಿದ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯದೆ ಬೇರಿನ ಮಟ್ಟದಲ್ಲಿಯೇ ನಿಲ್ಲುತ್ತದೆ. ರಂಧ್ರದ ಮೇಲೆ ಒಂದು ಹೆಂಚಿನ ಚೂರನ್ನಿಟ್ಟು, ಕುಂಡವನ್ನು ಇಟ್ಟಿಗೆಗಳ ಮೇಲೇರಿಸಿದರೆ ಸಾಕು.

ಹೊಸಬರು ಶಂಖಪುಷ್ಪದಿಂದ ಆರಂಭಿಸುವುದು ಲೇಸು. ದ್ವಿದಳ ಜಾತಿಯದಾದ ಈ ಬಳ್ಳಿ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಬಡಮಣ್ಣಿನಲ್ಲಿಯೂ ಬದುಕಬಲ್ಲದು. ಬೀಜವನ್ನು ಒಂದು ರಾತ್ರಿ ನೆನೆಯಿಟ್ಟು, 10 ಅಂಗುಲದ ಕುಂಡದಲ್ಲಿ ಬಿತ್ತಿದರೆ ಸುಮಾರು ಎರಡು ತಿಂಗಳಲ್ಲಿ ಹೂ ಕಾಣಬಹುದು. ನೂಲು ಕಟ್ಟಿಕೊಟ್ಟರೆ ತಾನೇ ಸುತ್ತಿಕೊಂಡು ಏರುತ್ತದೆ. ಜಾಜಿಗೆ 15 ಅಂಗುಲದ ಕುಂಡ ಬೇಕು. ಅದರ ಹಂಬುಗಳನ್ನು ನಾವೇ ಬಿದಿರಿನ ಗಳಕ್ಕೆ ಸಡಿಲವಾಗಿ ಕಟ್ಟಬೇಕು. ಜಾಜಿ ಹೊಸ ಚಿಗುರಿನಲ್ಲಿ ಹೂಬಿಡುವ ಬಳ್ಳಿ. ಚಳಿಗಾಲದಲ್ಲಿ ಕತ್ತರಿಯಾಡಿಸಲು ಮನಸ್ಸಾಗದವರ ಮನೆಯಲ್ಲಿ ಎಲೆಯೇ ಹೆಚ್ಚು. ಸಂಜೆ ಬೆಳ್ಳಗೆ ಅರಳಿ ಕ್ರಮೇಣ ಕೆಂಪಾಗುವ ರಂಗೂನ್ ಬಳ್ಳಿ ಎಷ್ಟೇ ಚೆಲುವಾಗಿದ್ದರೂ ಕುಂಡದ ಬಾಳು ಅದಕ್ಕೆ ಇಕ್ಕಟ್ಟು.

ಉಳಿದದ್ದು ನೀರಿನ ಮಾತು. ಏಪ್ರಿಲ್-ಮೇ ತಿಂಗಳುಗಳಲ್ಲಿ ಮಾಳಿಗೆಯ ಮೇಲಿನ ಮಣ್ಣಿನ ಕುಂಡ ಮುಂಜಾನೆ, ಸಂಜೆ ಎರಡು ಬಾರಿಯೂ ನೀರು ಕೇಳೀತು. ಕುಡಿಯುವ ನೀರಿಗೇ ತತ್ವಾರವಿರುವ ಊರುಗಳಲ್ಲಿ ಇದು ಸಣ್ಣ ಹೊರೆಯಲ್ಲ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಬಳ್ಳಿಗೆ ಹಾಕಬಹುದು. ಸಾಬೂನಿನ ನೀರು ಸಲ್ಲದು. ಮೇಲ್ಮಣ್ಣಿಗೆ ಎರಡು ಅಂಗುಲ ಒಣ ಎಲೆ ಹೊದಿಸಿ, ಕುಂಡದ ಸುತ್ತ ಗೋಣಿತಟ್ಟು ಸುತ್ತಿದರೆ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ಕೊಳವೆಬಾವಿಯ ಗಡಸು ನೀರು ಬಳಸುವವರ ಕುಂಡದ ಮೈಮೇಲೆ ಬಿಳಿಯ ಉಪ್ಪು ಕಟ್ಟುತ್ತದೆ. ಮೊದಲ ಮಳೆ ಚೆನ್ನಾಗಿ ಬಂದ ದಿನ ಕುಂಡಗಳನ್ನು ಬಯಲಿಗೆ ಸರಿಸಿ, ತಳದಿಂದ ನೀರು ಹರಿದುಹೋಗುವಷ್ಟು ನೆನೆಯಲು ಬಿಟ್ಟರೆ ಆ ಉಪ್ಪು ಬಹುಮಟ್ಟಿಗೆ ತೊಳೆದುಹೋಗುತ್ತದೆ.