ನಲವತ್ತು ವರ್ಷ ನಂಬಿಸಿದ ಬುರುಡೆ

1912ರ ಡಿಸೆಂಬರ್ 18ರಂದು ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯ ಸಭೆಗೆ ಜನ ಕಿಕ್ಕಿರಿದಿದ್ದರು. ಸಸೆಕ್ಸಿನ ವಕೀಲ, ಹವ್ಯಾಸಿ ಪಳೆಯುಳಿಕೆ ಸಂಗ್ರಾಹಕ ಚಾರ್ಲ್ಸ್ ಡಾಸನ್ ಹಾಗೂ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಭೂವಿಜ್ಞಾನಿ ಆರ್ಥರ್ ಸ್ಮಿತ್ ವುಡ್‌ವರ್ಡ್ ಅಲ್ಲಿ ತಲೆಬುರುಡೆಯ ಚೂರುಗಳನ್ನೂ ಅರ್ಧ ಕೆಳದವಡೆಯನ್ನೂ ಮುಂದಿಟ್ಟರು. ಪಿಲ್ಟ್‌ಡೌನ್ ಎಂಬ ಊರಿನ ಜಲ್ಲಿಗುಂಡಿಯಲ್ಲಿ ಸಿಕ್ಕಿದ್ದವು. ಬುರುಡೆ ಮನುಷ್ಯನದು, ದವಡೆ ವಾನರನ ಹಾಗೆ. ಎರಡೂ ಒಂದೇ ಜೀವಿಯವು, ಇಂಗ್ಲೆಂಡಿನ ಆದಿಮಾನವನವು ಎಂದು ಅವರು ಸಾರಿದರು.

ಜರ್ಮನಿಗೆ ನಿಯಾಂಡರ್ತಾಲ್ ಮಾನವನಿದ್ದ. ಬ್ರಿಟನ್ನಿಗೆ ಹೇಳಿಕೊಳ್ಳಲು ಅಂಥವನಿರಲಿಲ್ಲ. ವಿಕಾಸದ ಹಾದಿಯಲ್ಲಿ ಮೊದಲು ಬೆಳೆದದ್ದು ಮೆದುಳೇ ಎಂದು ಅಲ್ಲಿನ ಹಲವು ಪಂಡಿತರು ನಂಬಿದ್ದರು. ಪಿಲ್ಟ್‌ಡೌನ್ ಮಾನವ ಆ ಕೊರತೆಯನ್ನೂ ತುಂಬಿದ, ಈ ನಂಬಿಕೆಗೂ ಪುರಾವೆಯಾದ.

ಅನುಮಾನಪಟ್ಟವರು ಇಲ್ಲದಿರಲಿಲ್ಲ. ದವಡೆ ವಾನರನದೇ ಎಂದು ಅಂಗರಚನಾಶಾಸ್ತ್ರಜ್ಞ ಡೇವಿಡ್ ವಾಟರ್‌ಸ್ಟನ್ 1913ರಲ್ಲೇ ವಾದಿಸಿದ್ದ. ಆದರೆ ದವಡೆ ಬುರುಡೆಗೆ ಕೂಡುವ ಕೀಲಿನ ತುದಿಯೇ ಮುರಿದುಹೋಗಿತ್ತು. ಜೋಡಿಸಿ ನೋಡುವ ದಾರಿಯೇ ಇರಲಿಲ್ಲ.

ಪಿಲ್ಟ್‌ಡೌನ್ ಮೇಲಿನ ನಂಬಿಕೆಗೆ ಬೆಲೆ ತೆತ್ತದ್ದು ಒಂದು ನಿಜವಾದ ಶೋಧ. ದಕ್ಷಿಣ ಆಫ್ರಿಕಾದ ಟಾಂಗ್‌ನಲ್ಲಿ ಸಿಕ್ಕ ಮಗುವಿನ ಬುರುಡೆಯನ್ನು ರೇಮಂಡ್ ಡಾರ್ಟ್ 1925ರಲ್ಲಿ ಪ್ರಕಟಿಸಿದ. ಅದರ ಮೆದುಳು ಚಿಕ್ಕದು, ಹಲ್ಲುಗಳು ಮನುಷ್ಯನವನ್ನು ಹೋಲುವಂಥವು: ಪಿಲ್ಟ್‌ಡೌನ್‌ಗೆ ತದ್ವಿರುದ್ಧ. ಅದನ್ನು ಮನುಷ್ಯನ ಪೂರ್ವಜನೆಂದು ಒಪ್ಪಲು ಪ್ರಮುಖ ಬ್ರಿಟಿಷ್ ವಿದ್ವಾಂಸರು ಎರಡು ದಶಕ ಹಿಂದೇಟು ಹಾಕಿದರು.

ಕೊನೆಗೆ ಸುಳಿವು ಕೊಟ್ಟದ್ದು ಮೂಳೆಗಳ ಪರೀಕ್ಷೆ. ಹೂತ ಮೂಳೆ ಮಣ್ಣಿನ ನೀರಿನಿಂದ ನಿಧಾನವಾಗಿ ಫ್ಲೋರಿನ್ ಹೀರಿಕೊಳ್ಳುತ್ತದೆ. ಹಳೆಯದಾದಷ್ಟೂ ಅದರ ಪ್ರಮಾಣ ಹೆಚ್ಚು. ಕೆನ್ನೆತ್ ಓಕ್ಲಿ 1949ರಲ್ಲಿ ಅಳೆದಾಗ ಪಿಲ್ಟ್‌ಡೌನ್ ಮೂಳೆಗಳಲ್ಲಿ ಅದು ತೀರಾ ಕಡಿಮೆಯಿತ್ತು. 1953ರಲ್ಲಿ ಓಕ್ಲಿ, ಜೋಸೆಫ್ ವೀನರ್ ಮತ್ತು ಲ ಗ್ರೋ ಕ್ಲಾರ್ಕ್ ಮೋಸವನ್ನು ಬಯಲಿಗೆಳೆದರು. ಹಲ್ಲುಗಳ ಮೇಲೆ ಅರ ಉಜ್ಜಿದ ಗೀರುಗಳಿದ್ದವು. ಹಳತೆನಿಸಲೆಂದು ಮೂಳೆಗಳಿಗೆ ಕಂದು ಬಣ್ಣ ಕಟ್ಟಲಾಗಿತ್ತು.

ಮಾಡಿದವರು ಯಾರು? ದಶಕಗಳ ಕಾಲ ಹಲವರ ಮೇಲೆ ಬೆರಳು ತಿರುಗಿತು. ಲೇಖಕ ಆರ್ಥರ್ ಕಾನನ್ ಡಾಯ್ಲ್ ಕೂಡ ಶಂಕಿತರ ಪಟ್ಟಿ ಸೇರಿದ. 2016ರಲ್ಲಿ ಪ್ರಕಟವಾದ ಡಿಎನ್‌ಎ ಮತ್ತು ಸ್ಕ್ಯಾನ್ ಅಧ್ಯಯನದ ಪ್ರಕಾರ ದವಡೆ ಒರಾಂಗುಟಾನ್‌ನದು. ಎರಡು ಬೇರೆ ಜಾಗಗಳಲ್ಲಿ ‘ಸಿಕ್ಕ’ ಹಲ್ಲುಗಳೂ ಬಹುಶಃ ಅದೇ ಪ್ರಾಣಿಯವು. ಎಲ್ಲ ಮಾದರಿಗಳಲ್ಲೂ ಒಂದೇ ಬಗೆಯ ಕೈಚಳಕ ಕಂಡುಬಂದಿತು. ಬೆರಳು ಡಾಸನ್ ಕಡೆಗೇ ತೋರಿತು. 1916ರಲ್ಲಿ ಅವನು ತೀರಿಕೊಂಡ ಮೇಲೆ ವುಡ್‌ವರ್ಡ್ ವರ್ಷಗಟ್ಟಲೆ ಅಗೆದರೂ ಪಿಲ್ಟ್‌ಡೌನ್‌ನಲ್ಲಿ ಮಾನವನ ಒಂದು ಮೂಳೆಯೂ ಸಿಗಲಿಲ್ಲ. ರಾಯಲ್ ಸೊಸೈಟಿಯ ಫೆಲೋ ಆಗುವ ಹಂಬಲ ಡಾಸನ್‌ಗಿತ್ತು, ಅದು ಕೈಗೂಡಲಿಲ್ಲ. ಆ ಹಂಬಲವೇ ಈ ಕೆಲಸ ಮಾಡಿಸಿತೆಂದು ಸಂಶೋಧಕರು ಊಹಿಸುತ್ತಾರೆ. ತಪ್ಪೊಪ್ಪಿಗೆಯನ್ನಂತೂ ಅವನು ಬರೆದಿಟ್ಟು ಹೋಗಿಲ್ಲ.