ಗೊತ್ತಿಲ್ಲವೆನ್ನುವ ಧೈರ್ಯ

ಬೆಂಗಳೂರಿನ ಯಾವುದಾದರೊಂದು ಪ್ರೌಢಶಾಲೆಯ ತರಗತಿಯನ್ನು ಕಲ್ಪಿಸಿಕೊಳ್ಳಿ. ಮೇಜಿನ ಮೇಲೆ ಗಾಜಿನ ಪಾತ್ರೆಯಲ್ಲಿ ನೀರು ಕುದಿಯುತ್ತಿದೆ. ನೀರು ನೂರು ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದೆಂದು ಪಠ್ಯಪುಸ್ತಕ ಸಾರುತ್ತದೆ. ಉಷ್ಣಮಾಪಕವಾದರೋ 97ರ ಆಸುಪಾಸಿಗೆ ಬಂದು ನಿಂತುಬಿಟ್ಟಿದೆ. ಉರಿಯನ್ನು ಎಷ್ಟು ಹೆಚ್ಚಿಸಿದರೂ ಮೇಲೇರಲೊಲ್ಲದು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳುತ್ತಾಳೆ: “ಸಾರ್, ಪುಸ್ತಕ ಸರಿಯೋ, ಇದು ಸರಿಯೋ?”

ಎರಡೂ ಸರಿಯೇ. ಪುಸ್ತಕದ್ದು ಸಮುದ್ರಮಟ್ಟದ ಮಾತು. ಬೆಂಗಳೂರು ಅದಕ್ಕಿಂತ 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡ ಕಡಿಮೆಯಾದುದರಿಂದ ನೀರು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಉಪಾಧ್ಯಾಯರಿಗೆ ಇದು ಹೊಳೆದರೆ ಅಂದಿನ ಪಾಠ ಹಬ್ಬವಾಗುತ್ತದೆ. ಹೊಳೆಯದೆ ಹೋದರೆ, “ಉಷ್ಣಮಾಪಕ ಕೆಟ್ಟಿದೆ, ನೂರೆಂದೇ ಬರೆದುಕೊಳ್ಳಿ” ಎಂಬ ಮಾತು ಬಾಯಿಂದ ಬೀಳುತ್ತದೆ. ಆಗ ಆ ಹುಡುಗಿ ಕಲಿಯುವುದು ಭೌತಶಾಸ್ತ್ರವನ್ನಲ್ಲ. ಕಣ್ಣಾರೆ ಕಂಡದ್ದಕ್ಕಿಂತ ಅಚ್ಚಾದ ಅಕ್ಷರವೇ ದೊಡ್ಡದೆಂಬುದನ್ನು.

ಇಲ್ಲಿ ಉಪಾಧ್ಯಾಯರನ್ನು ದೂಷಿಸಿ ಸುಮ್ಮನಾಗುವುದು ಸುಲಭ. ಆದರೆ ಸಂದೇಹ ಬಂದ ವೈದ್ಯರು ಮತ್ತೊಬ್ಬ ವೈದ್ಯರನ್ನು ವಿಚಾರಿಸುತ್ತಾರೆ. ವಕೀಲರಿಗೆ ನ್ಯಾಯಾಲಯದ ಆವರಣದಲ್ಲೇ ಸಹೋದ್ಯೋಗಿಗಳುಂಟು. ಹಳ್ಳಿಯ ಶಾಲೆಯೊಂದರಲ್ಲಿ ಗಣಿತ ವಿಜ್ಞಾನಗಳೆರಡನ್ನೂ ಹೊತ್ತ ಒಬ್ಬನೇ ಉಪಾಧ್ಯಾಯ ಯಾರನ್ನು ಕೇಳಬೇಕು? ತರಬೇತಿ ಶಿಬಿರಗಳು ಇವೆ, ನಿಜ. ಆದರೆ ಸಂದೇಹವೆಂಬುದು ಶಿಬಿರದ ಬೆಂಚಿನ ಮೇಲೆ ಕುಳಿತಾಗ ಹುಟ್ಟುವುದಿಲ್ಲ; ಮಕ್ಕಳೆದುರು ನಿಂತಾಗ ಹುಟ್ಟುತ್ತದೆ. ಅಷ್ಟು ಹೊತ್ತಿಗೆ ಶಿಬಿರ ಮುಗಿದು ತಿಂಗಳುಗಳೇ ಕಳೆದಿರುತ್ತವೆ.

ಈ ಕೊರತೆಯನ್ನು ಗುರುತಿಸಿ ಅದಕ್ಕೊಂದು ಪರಿಹಾರವನ್ನು ದೀರ್ಘಕಾಲ ನಡೆಸಿ ತೋರಿದ ಪ್ರಯತ್ನವೊಂದು ನಮ್ಮ ದೇಶದಲ್ಲಿಯೇ ಆಗಿಹೋಗಿದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ, ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸರಕಾರದ ಅನುಮತಿ ಪಡೆದು ವಿಜ್ಞಾನ ಬೋಧನೆಯ ಹೊಸ ಕ್ರಮವನ್ನು ಆರಂಭಿಸಿದವು. 1978ರಲ್ಲಿ ಅದು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೆ ಹಬ್ಬಿತು. 1982ರಲ್ಲಿ ಸ್ಥಾಪಿತವಾದ ಏಕಲವ್ಯ ಸಂಸ್ಥೆ ಅದರ ಹೊಣೆ ಹೊತ್ತಿತು. ‘ಬಾಲ ವೈಜ್ಞಾನಿಕ’ವೆಂಬ ಅಲ್ಲಿನ ಪುಸ್ತಕದಲ್ಲಿ ಸಿದ್ಧ ಉತ್ತರಗಳಿರಲಿಲ್ಲ, ಪ್ರಯೋಗಗಳೂ ಪ್ರಶ್ನೆಗಳೂ ಇದ್ದವು. ನಾಲ್ಕು ನಾಲ್ಕು ಮಕ್ಕಳು ಗುಂಪಾಗಿ ಮಾಡಿ ನೋಡಿ ಉತ್ತರವನ್ನು ತಾವೇ ಬರೆಯಬೇಕು. ಪರೀಕ್ಷೆಗೆ ಪುಸ್ತಕವನ್ನು ಕೊಂಡೊಯ್ಯಲೂ ಅಡ್ಡಿಯಿಲ್ಲ.

ಇಂಥ ಪುಸ್ತಕ ಮಕ್ಕಳಿಗಿಂತ ಹೆಚ್ಚಾಗಿ ಉಪಾಧ್ಯಾಯರನ್ನು ಪರೀಕ್ಷಿಸುತ್ತದೆ. ನಾಲ್ಕು ಗುಂಪಿಗೆ ನಾಲ್ಕು ಬಗೆಯ ಫಲ ಬಂದರೆ ಗತಿಯೇನು? ಆದ್ದರಿಂದಲೇ ಬೇಸಿಗೆಯ ತರಬೇತಿಯಲ್ಲಿ ಉಪಾಧ್ಯಾಯರೇ ಮಕ್ಕಳಂತೆ ಕುಳಿತು ಪ್ರಯೋಗಗಳನ್ನು ಕೈಯಾರೆ ಮಾಡುತ್ತಿದ್ದರು. ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಜೊತೆಯಲ್ಲಿರುತ್ತಿದ್ದರು. ಅಷ್ಟಕ್ಕೇ ನಿಲ್ಲದೆ, ಸುತ್ತಮುತ್ತಲ ಶಾಲೆಗಳ ಉಪಾಧ್ಯಾಯರು ತಿಂಗಳಿಗೊಮ್ಮೆ ಒಂದೆಡೆ ಸೇರುತ್ತಿದ್ದರು. ಕಳೆದ ತಿಂಗಳು ಎಡವಿದ್ದೆಲ್ಲಿ, ಮುಂದಿನ ತಿಂಗಳ ಪಾಠದಲ್ಲಿ ತೊಡಕೆಲ್ಲಿ ಎಂಬುದೇ ಮಾತುಕತೆಯ ವಿಷಯ. ಅವರ ಅನುಭವ ಪುಸ್ತಕದ ಪರಿಷ್ಕರಣಕ್ಕೂ ಆಧಾರವಾಯಿತು. ಅವರಲ್ಲಿಯೇ ಹಲವರು ಮುಂದೆ ಇತರರಿಗೆ ತರಬೇತಿ ಕೊಡುವವರಾದರು.

ಇಂಥ ಕೂಟದ ಪ್ರಯೋಜನವೇನೆಂಬುದಕ್ಕೆ ಗಣಿತದಿಂದ ಒಂದು ನಿದರ್ಶನ ಕೊಡಬಹುದು. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿದರೆ ಐದನೆಯ ಎರಡೆಂದು ಬರೆಯುವ ಮಗು ಪ್ರತಿ ಶಾಲೆಯಲ್ಲಿಯೂ ಉಂಟು. ಒಂಟಿಯಾದ ಉಪಾಧ್ಯಾಯ ಕೆಂಪು ಗೆರೆ ಎಳೆದು ಮುಂದೆ ಸಾಗುತ್ತಾನೆ. ಹತ್ತು ಜನ ಕುಳಿತು ವಿಚಾರಿಸಿದಾಗ ಒಬ್ಬರು ಹೇಳಿಯಾರು: “ಗೋಲಿಯಾಟದಲ್ಲಿ ಮಗು ನಿನ್ನೆ ಎರಡು ಸಲ ಗುರಿಯಿಟ್ಟು ಒಂದನ್ನು ಹೊಡೆಯಿತು, ಇಂದು ಮೂರು ಸಲದಲ್ಲಿ ಒಂದನ್ನು ಹೊಡೆಯಿತು. ಒಟ್ಟಿನಲ್ಲಿ ಐದಕ್ಕೆ ಎರಡು. ಅದು ನಿಜವೇ ಅಲ್ಲವೆ?” ನಿಜ. ಆದರೆ ಅದು ಒಂದೇ ರೊಟ್ಟಿಯ ಭಾಗಗಳನ್ನು ಕೂಡಿಸುವ ಲೆಕ್ಕವಲ್ಲ. ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ? ಮಗುವಿನ ತಪ್ಪಿನೊಳಗೊಂದು ವಿವೇಕವಿತ್ತು. ಅದನ್ನು ಕಂಡವರು ಮಾತ್ರ ಆ ತಪ್ಪನ್ನು ಬೇರುಸಹಿತ ಕೀಳಬಲ್ಲರು.

ಇಂಥ ಮಾತು ಹೊರಡಬೇಕಾದರೆ ಮೊದಲು ಒಬ್ಬರು, “ಇದನ್ನು ಹೇಗೆ ತಿದ್ದಬೇಕೋ ನನಗೆ ಗೊತ್ತಾಗಲಿಲ್ಲ” ಎನ್ನಬೇಕು. ಮೇಲಧಿಕಾರಿಯ ಮುಂದೆ ಈ ಮಾತು ಬಾಯಿಗೆ ಬಾರದು. ಮಕ್ಕಳ ಮುಂದೆ ಸಂಕೋಚ. ಸಮಾನರ ನಡುವೆ ಮಾತ್ರ ಸಾಧ್ಯ. ಅಲ್ಲಿ ಒಮ್ಮೆ ಅಭ್ಯಾಸವಾದರೆ, “ನನಗೂ ಗೊತ್ತಿಲ್ಲ, ಬಾ, ನೋಡೋಣ” ಎಂದು ಮಕ್ಕಳಿಗೆ ಹೇಳುವ ಧೈರ್ಯ ತಾನಾಗಿ ಬರುತ್ತದೆ.

ಹೋಶಂಗಾಬಾದಿನ ಕಾರ್ಯಕ್ರಮ ಮೂವತ್ತು ವರ್ಷ ನಡೆದು ಹಲವು ಜಿಲ್ಲೆಗಳಿಗೆ ಹರಡಿತ್ತು. 2002ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಪುಸ್ತಕ ಬದಲಾಯಿತು, ಉಪಾಧ್ಯಾಯರು ತಿಂಗಳಿಗೊಮ್ಮೆ ಕೂಡುತ್ತಿದ್ದ ಆ ಏರ್ಪಾಡಿಗೆ ಆಧಾರ ತಪ್ಪಿತು. ಆಜ್ಞೆಯಿಂದ ಬಂದದ್ದು ಆಜ್ಞೆಯಿಂದಲೇ ಹೋಗಬಹುದೆಂಬುದು ಇದರ ಕಹಿಪಾಠ. ಉಪಾಧ್ಯಾಯರು ಕೂಡಿ ಕಲಿಯುವ ಹೊತ್ತನ್ನು ರಜೆಯಿಂದ ಕದ್ದು ಕೊಡದೆ, ಕೆಲಸದ ಅಂಗವೆಂದೇ ಗಣಿಸಿ ಕೊಡುವುದು ಸರಕಾರದ ಕರ್ತವ್ಯ. ಆದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಅಕ್ಕಪಕ್ಕದ ಊರುಗಳ ನಾಲ್ವರು ಉಪಾಧ್ಯಾಯರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ತಮ್ಮ ಮಕ್ಕಳು ಮಾಡಿದ ಒಂದೊಂದು ತಪ್ಪನ್ನು ಹಿಡಿದು ತಂದು ಒಂದೆಡೆ ಕುಳಿತರೆ ಸಾಕು. ಮುಂದಿನ ಸಲ ಪಾದರಸ 97ರಲ್ಲಿ ನಿಂತಾಗ ಆ ಹುಡುಗಿಯ ಪ್ರಶ್ನೆಗೆ ಉತ್ತರ ದೊರೆಯದಿದ್ದರೂ ಚಿಂತೆಯಿಲ್ಲ. ಅದನ್ನು ಕೊಂಡೊಯ್ದು ಕೇಳಲೊಂದು ಮನೆ ಇರುತ್ತದೆ.